ಗಾಜಿನ ಒಲೆ: ಬಳಕೆ ಮತ್ತು ಆರೈಕೆ

(ನಮ್ಮ ಕನ್ನಡ ಕಾರ್ಯಕ್ರಮದ ಮನೆವಾರ್ತೆ ವಿಭಾಗದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಬಹಳಷ್ಟು ಸಂಗತಿಗಳು ಬದಲಾದರೂ ಅಡುಗೆ ಮಾತ್ರ ಊರಿನದೇ ಉಳಿದುಕೊಂಡಿದೆ. ಬದಲಾದದ್ದು ಒಲೆ. ಸೌದೆ ಒಲೆ, ಇದ್ದಿಲ ಒಲೆ, ಸೀಮೆಎಣ್ಣೆಯ ಸ್ಟವ್, ಆಮೇಲೆ ಗ್ಯಾಸ್, ಇಷ್ಟನ್ನೂ ನಮ್ಮ ತಾಯಂದಿರು ಒಂದೇ ಆಯುಷ್ಯದಲ್ಲಿ ಕಂಡಿದ್ದಾರೆ. ಈಗ ಅನೇಕ ಮನೆಗಳಿಗೆ ಬೆಂಕಿಯೇ ಕಾಣಿಸದ ಒಲೆ ಬಂದಿದೆ. ಕರಿ ಗಾಜಿನ ಹಲಗೆಯಂತೆ ನುಣ್ಣಗೆ, ಚಪ್ಪಟೆಯಾಗಿ ಅಡುಗೆ ಕಟ್ಟೆಯ ಮೇಲೆ ಕುಳಿತಿರುತ್ತದೆ. ಇಂದು ಆ ಗಾಜಿನ ಒಲೆಯನ್ನು ಬಳಸುವ ಮತ್ತು ಕಾಪಾಡಿಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇವನ್ನು ನಾನು ಪುಸ್ತಕ ಓದಿ ಕಲಿತದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಹೆಚ್ಚು.

ಮೂರು ವರ್ಷದ ಹಿಂದಿನ ಮಾತು. ನಾವು ಠಾಣೆಯಲ್ಲಿ ಬಾಡಿಗೆ ಮನೆಗೆ ಹೋದೆವು. ಮನೆಯ ಮಾಲೀಕರು ಹೊರದೇಶದಲ್ಲಿದ್ದು ಬಂದವರು. ಅಡುಗೆ ಕಟ್ಟೆಯಲ್ಲೇ ಕೂರಿಸಿದ ನಾಲ್ಕು ಉರಿಯ ಗಾಜಿನ ಒಲೆ ಹಾಕಿಸಿದ್ದರು. ಕೀಲಿಕೈ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು, "ಒಲೆ ಜೋಪಾನ, ಗಾಜು ಹೋದರೆ ಡಿಪಾಜಿಟ್‌ನಲ್ಲಿ ಹಿಡಿಯಬೇಕಾಗುತ್ತೆ." ಅದಕ್ಕೇ ನಾನು ಆ ಒಲೆಯನ್ನು ದೇವರ ಮನೆಯ ಹಾಗೆ ನೋಡಿಕೊಳ್ಳುತ್ತಿದ್ದೆ.

ಆ ವರ್ಷ ಸಂಕ್ರಾಂತಿಗೆ ಹಾಸನದಿಂದ ನಮ್ಮಮ್ಮ ಬಂದಿದ್ದರು. ಬರುವಾಗ ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದರು. ಮೊಮ್ಮಗಳು ಎಳ್ಳು ಬೀರುವುದಕ್ಕೆ ಅಂಗಡಿಯ ಅಚ್ಚು ಇಟ್ಟುಕೊಂಡು ಹೋಗಬಾರದು ಎಂಬುದು ಅವರ ಆಸೆ. ನಾನು ಕೆಲಸಕ್ಕೆ ಹೋದಾಗ ಅವರೇ ಪಾಕ ಮಾಡಿ ಅಚ್ಚಿಗೆ ಹೊಯ್ದರು. ಸಕ್ಕರೆ ಅಚ್ಚು ಮಾಡಿದವರಿಗೆ ಗೊತ್ತಿರುತ್ತದೆ, ಪಾಕ ಹಾಲಿನ ಬಣ್ಣಕ್ಕೆ ತಿರುಗುತ್ತಿದ್ದಂತೆ ಕೈ ಚುರುಕಾಗಬೇಕು, ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಆ ಅವಸರದಲ್ಲಿ ಎರಡು ಚಮಚದಷ್ಟು ಪಾಕ ಬಿಸಿ ಗಾಜಿನ ಮೇಲೆ ಚೆಲ್ಲಿತು. ಅಮ್ಮ ಏನು ಮಾಡಿದರು? ಅರವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಒಲೆ ಆರಿಸಿ, "ಆರಲಿ, ಆಮೇಲೆ ಒರೆಸಿದರಾಯಿತು" ಎಂದು ಬಿಟ್ಟರು. ಆರಿದ ಮೇಲೆ ಅದು ಕಲ್ಲಿನಂತೆ ಕಚ್ಚಿಕೊಂಡಿತ್ತು. ನಾನು ಬರುವುದರೊಳಗೆ ಹೋಗಲಿ ಎಂದು ಸ್ಟೀಲ್ ಸ್ಕ್ರಬ್ಬರ್ ತೆಗೆದುಕೊಂಡು ತಿಕ್ಕಿದರು. ಸಕ್ಕರೆ ಎದ್ದಿತು, ಅದರ ಜೊತೆಗೆ ಗಾಜಿನ ಚಕ್ಕೆಯೂ ಎದ್ದಿತು. ಅವರೆಕಾಳಿನಷ್ಟು ಗುಳಿ, ಸುತ್ತ ಗೀರುಗಳು.

ಸಂಜೆ ಬಂದು ನೋಡಿ, ಡಿಪಾಜಿಟ್ ಹೋಯಿತಲ್ಲ ಎಂಬ ಸಂಕಟದಲ್ಲಿ ನಾನು ಆಡಬಾರದ ಮಾತು ಆಡಿದೆ. ಅಮ್ಮ ಎದುರು ಮಾತಾಡಲಿಲ್ಲ. ಆದರೆ ಊರಿಗೆ ಹೋಗುವತನಕ ಆ ಒಲೆಯ ಹತ್ತಿರ ಬರಲಿಲ್ಲ. ಕಾಫಿ ಬೇಕಾದರೂ ನಾನು ಬರುವವರೆಗೆ ಕಾದಿರುತ್ತಿದ್ದರು. ಆಮೇಲೆ ಆ ಒಲೆಯ ಜೊತೆ ಬಂದ ಪುಸ್ತಕವನ್ನು ಹುಡುಕಿ ಓದಿದಾಗ ನನಗೇ ನಾಚಿಕೆಯಾಯಿತು. ಸಕ್ಕರೆಯ ವಿಷಯ ಅದರಲ್ಲಿ ಸ್ಪಷ್ಟವಾಗಿತ್ತು. ನಾನೇ ಓದಿರಲಿಲ್ಲ. ಅಮ್ಮನಿಗೆ ಯಾರು ಹೇಳಬೇಕಿತ್ತು?

ಈಗ ವಿಷಯಕ್ಕೆ ಬರೋಣ. ಮೊದಲು ನಿಮ್ಮ ಮನೆಯಲ್ಲಿರುವ ಗಾಜು ಯಾವುದು ಎಂದು ತಿಳಿದುಕೊಳ್ಳಿ. ನಮ್ಮಲ್ಲಿ ಮೂರು ಬಗೆಯ ಒಲೆಗಳಿಗೆ ಜನ ಗಾಜಿನ ಒಲೆ ಎನ್ನುತ್ತಾರೆ. ಒಂದು, ಗ್ಯಾಸ್ ಒಲೆಗೇ ಗಾಜಿನ ಮೈ ಇರುವಂಥದ್ದು. ಅದು ಟಫನ್ಡ್ ಗಾಜು, ಅಂದರೆ ಗಟ್ಟಿಗೊಳಿಸಿದ ಮಾಮೂಲಿ ಗಾಜು. ಅಲ್ಲಿ ಉರಿ ಗಾಜಿನ ಮೇಲಿರುತ್ತದೆ, ಗಾಜು ಬರೀ ಮೈ. ಕಾದ ಬಾಣಲೆಯನ್ನು ಅದರ ಮೇಲೆ ಇಳಿಸಿದರೆ, ಕಾದ ಗಾಜಿಗೆ ತಣ್ಣೀರು ಚೆಲ್ಲಿದರೆ, ಪುಡಿಪುಡಿಯಾಗಿ ಒಡೆಯಬಹುದು. ಎರಡನೆಯದು ಇಂಡಕ್ಷನ್ ಒಲೆ. ಮೂರನೆಯದು, ಗಾಜಿನ ಅಡಿಯಲ್ಲಿ ಕಾಯಿಲ್ ಕೆಂಪಗೆ ಕಾದು ಶಾಖ ಕೊಡುವ ಒಲೆ. ಅಂಗಡಿಯವರು ಇದನ್ನು ಇನ್‌ಫ್ರಾರೆಡ್ ಎಂದೋ ಸೆರಾಮಿಕ್ ಒಲೆ ಎಂದೋ ಕರೆಯುತ್ತಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ಸಾಮಾನ್ಯವಾಗಿ ಬಳಸುವುದು ಗ್ಲಾಸ್ ಸೆರಾಮಿಕ್ ಎಂಬ ಬೇರೆಯದೇ ವಸ್ತು. ಇಂದಿನ ಮಾತು ಮುಖ್ಯವಾಗಿ ಅದರದ್ದು.

ಈ ಗಾಜು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಪ್ರಯೋಗಶಾಲೆಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಒಂದು ಗಾಜಿನ ತುಂಡನ್ನು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಲು ಕುಲುಮೆಗೆ ಇಟ್ಟರು. ಕುಲುಮೆ ಕೆಟ್ಟು ಶಾಖ 900 ಡಿಗ್ರಿಗೆ ಏರಿತ್ತು. ಗಾಜು ಕರಗಿ ನೀರಾಗಿರಬೇಕು ಎಂದುಕೊಂಡು ಬಾಗಿಲು ತೆರೆದರೆ ಅದು ಹಾಗೇ ಇದೆ, ಬಣ್ಣ ಮಾತ್ರ ಬೆಳ್ಳಗಾಗಿದೆ. ಹೊರಗೆ ತೆಗೆಯುವಾಗ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ, ಲೋಹ ಬಿದ್ದಂತೆ ಸದ್ದು ಮಾಡಿತು. ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹುಟ್ಟಿಕೊಂಡು ಅದು ಹೊಸ ವಸ್ತುವೇ ಆಗಿಬಿಟ್ಟಿತ್ತು. ಮುಂದೆ 1971ರಲ್ಲಿ ಜರ್ಮನಿಯ ಶಾಟ್ ಕಂಪನಿ ಈ ಜಾತಿಯ ಗಾಜಿನಿಂದ ಒಲೆಯ ಹಲಗೆ ಮಾಡಿ ತೋರಿಸಿತು.

ಮಾಮೂಲಿ ಗಾಜು ಬಿಸಿಗೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಬಿಸಿ ಕಾಫಿ ಹೊಯ್ದ ಲೋಟ ಟಣ್ ಎಂದು ಸೀಳುವುದು ಇದರಿಂದಲೇ. ಒಲೆಯ ಗಾಜಿನಲ್ಲಿರುವ ಹರಳುಗಳು ಬಿಸಿಗೆ ಕುಗ್ಗುವ ಗುಣದವು, ಅವುಗಳ ನಡುವಿನ ಗಾಜು ಹಿಗ್ಗುವ ಗುಣದ್ದು. ಒಂದಕ್ಕೊಂದು ಸರಿಹೋಗಿ ಒಟ್ಟಿನಲ್ಲಿ ಹಲಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎನ್ನುವಷ್ಟು ಸ್ಥಿರವಾಗಿರುತ್ತದೆ. ಹಾಗಾಗಿ ಕೆಂಪಗೆ ಕಾದಿರುವಾಗ ನೀರು ಚೆಲ್ಲಿದರೂ ಸಾಧಾರಣವಾಗಿ ಬಿರುಕು ಬಿಡುವುದಿಲ್ಲ.

ಆದರೆ ಈ ಒಳ್ಳೆಯ ಗುಣವೇ ಸಕ್ಕರೆಯ ಮುಂದೆ ಮುಳುವಾಗುತ್ತದೆ. ಕರಗಿದ ಸಕ್ಕರೆ ಬಿಸಿ ಗಾಜಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಣಿಯುತ್ತಾ ಸಕ್ಕರೆ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಅಂಟಿಕೊಂಡದ್ದು ಎಳೆಯುತ್ತದೆ, ಎಳೆದಾಗ ಗಾಜಿನ ಮೇಲ್ಮೈಯಿಂದ ಚಕ್ಕೆ ಕಿತ್ತುಬರುತ್ತದೆ. ಆದ್ದರಿಂದ ಈ ಒಲೆಗೆ ಒಂದು ಮುಖ್ಯ ನಿಯಮ. ಬೇರೆ ಎಲ್ಲ ಕೊಳೆಯೂ ಒಲೆ ಆರುವವರೆಗೆ ಕಾಯಬಹುದು, ಸಕ್ಕರೆ ಮಾತ್ರ ಕಾಯಬಾರದು. ಸಕ್ಕರೆ ಎಂದರೆ ಬರೀ ಸಕ್ಕರೆಯಲ್ಲ. ಬೆಲ್ಲದ ಪಾಕ, ಹೋಳಿಗೆಯ ಹೂರಣ, ಪಾಯಸ, ಹಣ್ಣಿನ ಜಾಮ್, ಎಲ್ಲವೂ ಸೇರಿತು. ಕರಗಿದ ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಳೆ ಕೂಡ ಇದೇ ಗುಂಪಿಗೆ ಸೇರುತ್ತವೆ.

ಚೆಲ್ಲಿದಾಗ ಮಾಡಬೇಕಾದದ್ದು ಇಷ್ಟು. ಕೂಡಲೇ ಒಲೆ ಆರಿಸಿ. ಪಾತ್ರೆಯನ್ನು ಎತ್ತಿ ಬೇರೆ ಕಡೆ ಇಡಿ, ಎಳೆಯಬೇಡಿ. ಕೈಗೆ ದಪ್ಪನೆಯ ಅಡುಗೆ ಗ್ಲೌಸ್ ಹಾಕಿಕೊಳ್ಳಿ. ಗಾಜಿನ ಒಲೆಗೆಂದೇ ಉದ್ದ ಹಿಡಿಯ, ಬ್ಲೇಡ್ ಇರುವ ಸ್ಕ್ರೇಪರ್ ಸಿಗುತ್ತದೆ. ಅದನ್ನು ಓರೆಯಾಗಿ, ಬಹುಪಾಲು ಮಲಗಿಸಿದಂತೆ ಹಿಡಿದು, ಪಾಕ ಇನ್ನೂ ಮೆತ್ತಗಿರುವಾಗಲೇ ಬಿಸಿ ಜಾಗದಿಂದ ತಣ್ಣಗಿರುವ ಅಂಚಿಗೆ ತಳ್ಳಿಬಿಡಿ. ಉಳಿದ ಕಲೆಯನ್ನು ಒಲೆ ಪೂರ್ತಿ ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಬಿಸಿಯಿರುವಾಗ ಒದ್ದೆ ಬಟ್ಟೆ ತರಬೇಡಿ, ಹಬೆ ಎದ್ದು ಕೈ ಸುಡುತ್ತದೆ. ಪಾಕದ ಕೆಲಸ ಶುರು ಮಾಡುವ ಮೊದಲೇ ಸ್ಕ್ರೇಪರ್ ಪಕ್ಕದಲ್ಲಿರಲಿ. ಆ ಹೊತ್ತಿನಲ್ಲಿ ಡ್ರಾಯರ್ ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು.

ಇನ್ನು ದಿನನಿತ್ಯದ ಸ್ವಚ್ಛತೆ. ಅನ್ನದ ಗಂಜಿ, ಸಾರು, ಎಣ್ಣೆಯ ಹನಿ, ಉಕ್ಕಿದ ಹಾಲು, ಇವೆಲ್ಲ ಒಲೆ ಆರಿದ ಮೇಲೆ ಮೆತ್ತನೆಯ ಬಟ್ಟೆ, ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ, ಬಿಸಿನೀರಿಗೆ ಹೋಗುತ್ತವೆ. ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಒರೆಸದೆ ಬಿಟ್ಟ ಎಣ್ಣೆ ಮರುದಿನ ಸುಟ್ಟು ಕರಿಯಾಗುತ್ತದೆ. ಹಾಗೆ ಕಚ್ಚಿಕೊಂಡ ಕಲೆಯ ಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಲು ಗಂಟೆ ಬಿಟ್ಟು ಒರೆಸಿ. ಟ್ಯಾಂಕರ್ ನೀರು ಬರುವ ಕಟ್ಟಡಗಳಲ್ಲಿ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಅದು ಗಡಸು ನೀರಿನ ಸುಣ್ಣದಂಶ. ಸ್ವಲ್ಪ ವಿನಿಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿದರೆ ಹೋಗುತ್ತದೆ. ಕೆಲವೊಮ್ಮೆ ಬೂದು ಬಣ್ಣದ ಗೆರೆಗಳು ಕಾಣಿಸುತ್ತವೆ. ಅವು ಬಹಳ ಸಲ ಗೀರುಗಳಲ್ಲ, ಅಲ್ಯೂಮಿನಿಯಂ ಪಾತ್ರೆ ಉಜ್ಜಿ ಬಿಟ್ಟ ಲೋಹ. ಅದಕ್ಕೆ ಗಾಜಿನ ಒಲೆಗೆಂದೇ ಮಾರುವ ಕ್ರೀಮು ಒಳ್ಳೆಯದು.

ಯಾವುದು ಬೇಡ ಎಂಬುದನ್ನೂ ಹೇಳಬೇಕು. ಸ್ಟೀಲ್ ಸ್ಕ್ರಬ್ಬರ್ ಬೇಡ. ಸ್ಪಂಜಿನ ಹಿಂದಿರುವ ಹಸಿರು ಒರಟು ಪದರ ಬೇಡ. ಪಾತ್ರೆ ತಿಕ್ಕುವ ಪುಡಿ, ಬೂದಿ, ರಂಗೋಲಿ ಪುಡಿ ಬೇಡ. ಹಿತ್ತಾಳೆಗೆ ಇವು ಹೊಳಪು ಕೊಟ್ಟವು, ಗಾಜಿಗೆ ಗೀರು ಕೊಡುತ್ತವೆ. ಬ್ಲೀಚ್ ಬೇಡ. ಒಂದು ದ್ರವಕ್ಕೆ ಇನ್ನೊಂದನ್ನು ಬೆರೆಸಿ ಪ್ರಯೋಗ ಮಾಡುವುದಂತೂ ಬೇಡವೇ ಬೇಡ.

ಪಾತ್ರೆಗಳ ವಿಷಯ. ತಳ ಚಪ್ಪಟೆಯಾಗಿರಬೇಕು. ಪಾತ್ರೆಯನ್ನು ಬೋರಲು ಹಾಕಿ ತಳಕ್ಕೆ ಅಡಿಪಟ್ಟಿ ಇಟ್ಟು ನೋಡಿ, ನಡುವೆ ಬೆಳಕು ಕಂಡರೆ ಶಾಖ ಸರಿಯಾಗಿ ತಾಗುವುದಿಲ್ಲ. ಗುಂಡು ತಳದ ಬಾಣಲೆ, ಒಗ್ಗರಣೆ ಸೌಟು ಇಲ್ಲಿ ಕೆಲಸಕ್ಕೆ ಬಾರವು. ಒಗ್ಗರಣೆಗೆ ಒಂದು ಪುಟ್ಟ ಚಪ್ಪಟೆ ಬಾಂಡಲಿ ಇಟ್ಟುಕೊಳ್ಳಿ. ಇಂಡಕ್ಷನ್ ಆದರೆ ಇನ್ನೊಂದು ಪರೀಕ್ಷೆ ಇದೆ. ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಹಿಡಿಯಬೇಕು. ಹಿಡಿದರೆ ಆ ಪಾತ್ರೆ ನಡೆಯುತ್ತದೆ. ಕಬ್ಬಿಣದ ಚಪ್ಪಟೆ ಹೆಂಚು ನಡೆಯುತ್ತದೆ. ತಳಕ್ಕೆ ಬೇರೆ ತಟ್ಟೆ ಕೂರಿಸದ ಅಲ್ಯೂಮಿನಿಯಂ ಕುಕ್ಕರ್, ತಾಮ್ರದ ಪಾತ್ರೆ, ಕಲ್ಲಿನ ಚಟ್ಟಿ ಇಂಡಕ್ಷನ್‌ಗೆ ಆಗುವುದಿಲ್ಲ. ಕಾರಣ, ಇಂಡಕ್ಷನ್‌ನಲ್ಲಿ ಶಾಖ ಹುಟ್ಟುವುದು ಒಲೆಯಲ್ಲಲ್ಲ, ಅಯಸ್ಕಾಂತದ ಬಲದಿಂದ ಪಾತ್ರೆಯ ತಳದಲ್ಲೇ. ಸೆರಾಮಿಕ್ ಒಲೆಯ ಮೇಲೆ ಎಲ್ಲ ಲೋಹವೂ ಕಾಯುತ್ತದೆ, ಆದರೆ ಒರಟು ತಳದ ಕಬ್ಬಿಣ, ಕಲ್ಲು, ಮಣ್ಣಿನ ಪಾತ್ರೆಗಳು ಗೀರುತ್ತವೆ.

ಇಡುವ ಮೊದಲು ಪಾತ್ರೆಯ ತಳವನ್ನು ಒಮ್ಮೆ ಕೈಯಿಂದ ಒರೆಸಿ. ಒಂದು ಹರಳು ಉಪ್ಪು, ಒಂದು ಕಾಳು ರವೆ ತಳದಲ್ಲಿದ್ದು ಪಾತ್ರೆಯನ್ನು ಎಳೆದರೆ ಸಾಕು, ಗೆರೆ ಬಿದ್ದಂತೆಯೇ. ಪಾತ್ರೆಯನ್ನು ಯಾವಾಗಲೂ ಎತ್ತಿ ಇಡಿ, ಎತ್ತಿ ತೆಗೆಯಿರಿ. ರಾಗಿ ಮುದ್ದೆ ಮಾಡುವವರಿಗೆ ಒಂದು ಕಿವಿಮಾತು. ಹಿಟ್ಟು ಬೇಯುವುದು ಒಲೆಯ ಮೇಲೆ ಆಗಲಿ, ಕೋಲು ಹಾಕಿ ತಿರುವುವುದು ಬೇಡ. ಪಾತ್ರೆ ಇಳಿಸಿ, ನೆಲದ ಮೇಲೆ ಮಣೆ ಹಾಕಿಕೊಂಡು ತಿರುವಿ. ಮುದ್ದೆ ತಿರುವುವ ರಟ್ಟೆಯ ಬಲವನ್ನು ತಡೆಯಲೆಂದು ಈ ಗಾಜನ್ನು ಮಾಡಿಲ್ಲ. ಹಪ್ಪಳ ಸುಡುವುದು, ಬದನೆಕಾಯಿ ಸುಡುವುದು ಈ ಒಲೆಯಲ್ಲಿ ಆಗದು. ಅದಕ್ಕೆ ಗ್ಯಾಸ್ ಒಂದಿರಲಿ, ಇಲ್ಲವೇ ಆಸೆ ಬಿಡಿ.

ಸೆರಾಮಿಕ್ ಒಲೆ ಹೊಸದಾಗಿ ಕೊಂಡವರು ಗಾಬರಿಯಾಗುವ ಒಂದು ಸಂಗತಿ ಇದೆ. ಗಾಜಿನಡಿಯ ಕೆಂಪು ಉರಿ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಕೆಟ್ಟಿದೆ ಎಂದು ಮೆಕ್ಯಾನಿಕ್ ಕರೆಸಬೇಡಿ. ನೀವು ಇಟ್ಟ ಮಟ್ಟಕ್ಕೆ ಶಾಖವನ್ನು ಹಿಡಿದಿಡಲು ಅದು ತಾನೇ ಹಾಗೆ ಮಾಡುತ್ತದೆ. ಇನ್ನೊಂದು ಸಂಗತಿ, ಸ್ವಿಚ್ ಆರಿಸಿದ ಮೇಲೂ ಅದು ಬಹಳ ಹೊತ್ತು ಬಿಸಿಯಾಗಿರುತ್ತದೆ. ಇದರಿಂದ ಲಾಭವೂ ಉಂಟು. ಅನ್ನ, ಪಲ್ಯ ಆಗುವುದಕ್ಕೆ ಐದು ನಿಮಿಷ ಮೊದಲೇ ಆರಿಸಿದರೆ ಉಳಿದ ಶಾಖದಲ್ಲೇ ಬೇಯುತ್ತವೆ. ಹಾಲಿಗೆ ಮಾತ್ರ ಅದು ಅಪಾಯ. ಸ್ವಿಚ್ ಆರಿಸಿದೆನಲ್ಲ ಎಂದು ತಿರುಗಿ ನಿಂತರೆ ಹಾಲು ಉಕ್ಕಿ ಹರಿದಿರುತ್ತದೆ. ಹಾಲಿನ ಪಾತ್ರೆಯನ್ನು ಎತ್ತಿ ಪಕ್ಕಕ್ಕಿಡಬೇಕು.

ಮಕ್ಕಳಿರುವ ಮನೆಯವರು ಇಲ್ಲಿ ಗಮನವಿಟ್ಟು ಕೇಳಿ. ಒಲೆ ಬಿಸಿಯಿದೆ ಎಂದು ತೋರಿಸಲು ಇಂಗ್ಲಿಷಿನ ಎಚ್ ಅಕ್ಷರವೋ ಕೆಂಪು ಚುಕ್ಕೆಯೋ ಬೆಳಗುತ್ತಿರುತ್ತದೆ. ಅದು ಆರುವವರೆಗೆ ಮುಟ್ಟಬಾರದು. ಆದರೆ ಕರೆಂಟು ಹೋದರೆ ಆ ದೀಪವೂ ಆರಬಹುದು, ಗಾಜು ಮಾತ್ರ ಸುಡುತ್ತಲೇ ಇರುತ್ತದೆ. ಬೆಂಕಿ ಕಂಡರೆ ಮಗು ದೂರ ನಿಲ್ಲುತ್ತದೆ. ಹೊಳೆಯುವ ಕರಿ ಹಲಗೆ ಕಂಡರೆ ಕೈ ಇಡುತ್ತದೆ. ದೊಡ್ಡವರೂ ಅಷ್ಟೇ, ಸಣ್ಣ ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ತರಕಾರಿ ಚೀಲ, ಪ್ಲಾಸ್ಟಿಕ್ ಡಬ್ಬಿ ಅದರ ಮೇಲೆ ಇಡುತ್ತಾರೆ. ಒಲೆ ಕಟ್ಟೆಯಲ್ಲ, ಒಲೆಯೇ ಎಂದು ನೆನಪಿಡಿ.

ಇಂಡಕ್ಷನ್ ಒಲೆಯವರಿಗೆ ಬೇರೆ ಕೆಲವು ಮಾತು. ಅದರ ಒಳಗೆ ಫ್ಯಾನ್ ಇದೆ. ಅಡಿಯಲ್ಲಿ ಪೇಪರ್ ಅಥವಾ ಬಟ್ಟೆ ಹಾಸಿದರೆ ಗಾಳಿ ಕಟ್ಟುತ್ತದೆ. ಗೋಡೆಗೆ ಒತ್ತರಿಸಿ ಇಡಬೇಡಿ. ಅಡುಗೆ ಮುಗಿದ ಮೇಲೆ ಫ್ಯಾನ್ ನಿಲ್ಲುವವರೆಗೂ ಗೋಡೆಯ ಸ್ವಿಚ್ ಆರಿಸಬೇಡಿ. ಅಡಿಯ ತೂತುಗಳಿಂದ ಜಿರಲೆ ಒಳಗೆ ಸೇರಿ ಬೋರ್ಡ್ ಸುಟ್ಟುಹೋಗುವುದು ನಮ್ಮ ನಗರಗಳಲ್ಲಿ ಮಾಮೂಲು. ರಾತ್ರಿ ಒಲೆಯ ಸುತ್ತ ಎಂಜಲು, ಎಣ್ಣೆ ಉಳಿಯದಂತೆ ಒರೆಸುವುದೇ ಅದಕ್ಕೆ ಮದ್ದು. 2000 ವಾಟಿನ ಒಲೆಗೆ ಸುಮಾರು 9 ಆಂಪಿಯರ್ ಕರೆಂಟು ಬೇಕು. 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಚುಚ್ಚಬೇಡಿ, 16 ಆಂಪಿಯರಿನದೇ ಆಗಬೇಕು. ಖರ್ಚಿನ ಲೆಕ್ಕವೂ ಸುಲಭ. ಪೂರ್ತಿ ಉರಿಯಲ್ಲಿ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಇಂಡಕ್ಷನ್ ಕೊಳ್ಳುವ ಮೊದಲು ಅವರ ವೈದ್ಯರನ್ನು ಕೇಳಿ.

ಬಿಸಿಗೆ ಜಗ್ಗದ ಈ ಗಾಜು ಪೆಟ್ಟಿಗೆ ಜಗ್ಗುತ್ತದೆ, ಅದರಲ್ಲೂ ಚೂಪಾದ, ಭಾರವಾದ ಪೆಟ್ಟಿಗೆ. ಒಲೆಯ ಮೇಲಿನ ಶೆಲ್ಫಿನಲ್ಲಿ ಉಪ್ಪಿನಕಾಯಿ ಜಾಡಿ, ಮಸಾಲೆ ಬಾಟಲಿ, ಕುಟ್ಟಾಣಿ ಇಡಬೇಡಿ. ನಮ್ಮ ನೆರೆಮನೆಯ ಒಲೆ ಹೋದದ್ದು ಹಾಗೇ, ಮೇಲಿಂದ ಬಿದ್ದ ಒಂದು ಜಾಡಿಯಿಂದ. ಬಿರುಕು ಕೂದಲೆಳೆಯಷ್ಟಿದ್ದರೂ ಆ ಒಲೆಯಲ್ಲಿ ಮತ್ತೆ ಅಡುಗೆ ಮಾಡಬಾರದು. ಒಲೆಯ ಗುಂಡಿ ಒತ್ತಲು ಹೋಗದೆ ಗೋಡೆಯ ಮೇನ್ ಸ್ವಿಚ್ ಆರಿಸಿ. ಬಿರುಕಿನೊಳಗೆ ನೀರು, ಸಾರು ಇಳಿದರೆ ಶಾಕ್ ಹೊಡೆಯುವ ಅಪಾಯವಿದೆ. ಬಿರುಕಿಗೆ ಗೋಂದು, ಟೇಪು ಯಾವುದೂ ಮದ್ದಲ್ಲ. ಹಲಗೆಯನ್ನೇ ಬದಲಾಯಿಸಬೇಕು.

ಕೊನೆಯದಾಗಿ, ನಮ್ಮಮ್ಮನ ವಿಷಯಕ್ಕೆ ಮತ್ತೆ ಬರುತ್ತೇನೆ. ನಮ್ಮ ಒಲೆಯ ಗುಳಿಯನ್ನು ರಿಪೇರಿಯವರು ಬಂದು ನೋಡಿದರು. ಬಿರುಕಿಲ್ಲ, ಬಳಸಬಹುದು ಎಂದರು. ಮಾಲೀಕರಿಗೆ ನಾನೇ ಫೋನ್ ಮಾಡಿ ಹೇಳಿದೆ. ಮನೆ ಬಿಡುವಾಗ ನೋಡೋಣ ಎಂದರು. ಅಷ್ಟರಲ್ಲಿ ಮುಗಿಯುವ ಮಾತಿಗೆ ನಾನು ಅಷ್ಟು ರಂಪ ಮಾಡಿದ್ದೆ. ಅಮ್ಮನಿಗೆ ಫೋನ್ ಮಾಡಿ, ಪುಸ್ತಕದಲ್ಲಿ ಇದ್ದುದನ್ನು ಓದಿ ಹೇಳಿ, "ತಪ್ಪು ನಂದೇ ಕಣಮ್ಮಾ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಿದ್ರೆ ಬಿಸೀಲೇ ಎಬ್ಬಿಸಿರ್ತಿದ್ನಲ್ಲೇ" ಎಂದರು.

ಮುಂದಿನ ಸಂಕ್ರಾಂತಿಗೆ ಕರೆದಾಗ ಮೊದಲು ಬೇಡವೆಂದರೂ ಆಮೇಲೆ ಬಂದರು. ಅಷ್ಟರಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಒಲೆಯ ಪಕ್ಕದ ಗೋಡೆಗೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಯಾವ ಗುಂಡಿ ಯಾವುದಕ್ಕೆ, ಎಚ್ ಎಂದರೆ ಏನು, ಪಾಕ ಚೆಲ್ಲಿದರೆ ಏನು ಮಾಡಬೇಕು, ಇಷ್ಟೇ. ಮೊದಲ ದಿನ ಪಕ್ಕದಲ್ಲಿ ನಿಂತು, ಅವರ ಕೈಯಿಂದಲೇ ಹತ್ತು ಸಲ ಹಚ್ಚಿಸಿ ಆರಿಸಿಸಿದೆ. ವಯಸ್ಸಾದವರ ಬೆರಳು ಒಣಗಿದ್ದರೆ ಈ ಟಚ್ ಗುಂಡಿಗಳು ಕೆಲವೊಮ್ಮೆ ಕೇಳುವುದಿಲ್ಲ, ಅವರು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಬೆರಳ ತುದಿಯ ಬದಲು ಬೆರಳಿನ ಮೆತ್ತೆಯನ್ನು ಪೂರ್ತಿ ಇಡಲು ಹೇಳಿಕೊಟ್ಟೆ, ಸರಿಹೋಯಿತು. ಆ ವರ್ಷ ಪಾಕ ಮತ್ತೆ ಚೆಲ್ಲಿತು. ನಾನು ಓಡಿಬರುವಷ್ಟರಲ್ಲಿ ಅಮ್ಮ ಗ್ಲೌಸ್ ಹಾಕಿಕೊಂಡು ಅದನ್ನು ಅಂಚಿಗೆ ತಳ್ಳಿ ಮುಗಿಸಿದ್ದರು.

ಊರಿನಿಂದ ತಂದೆತಾಯಿ, ಅತ್ತೆಮಾವ ನಿಮ್ಮಲ್ಲಿಗೆ ಬರುತ್ತಿದ್ದರೆ, ಬಂದ ದಿನವೇ ಹತ್ತು ನಿಮಿಷ ಒಲೆಯ ಮುಂದೆ ಅವರ ಜೊತೆ ನಿಲ್ಲಿ. ಸ್ಕ್ರೇಪರ್ ಎಲ್ಲಿದೆ ಎಂದು ತೋರಿಸಿ. ಅವರಿಗೆ ಅಡುಗೆ ಬರುತ್ತದೆ, ಒಲೆಯಷ್ಟೇ ಹೊಸದು.